ಹಗ್ಗವಿಲ್ಲದ ಕುದುರೆಯ ಸವದಾ

ನಾನು ಎಷ್ಟೇ ಗಂಭೀರವಾಗಿ ಬದುಕಬೇಕೆಂದರೂ ನನ್ನ ಕುದುರೆಗಳು ಬಿಡುವುದಿಲ್ಲ. ಕುದುರೆ ಎಂದೊಡನೆ ಲಾಯ, ಹುಲ್ಲು ಎಂದುಕೊಳ್ಳಬೇಡಿ, ಎಲ್ಲವೂ ಫೋನಿನಲ್ಲಿವೆ. ಭಾಲ್ಕಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುವ ನಾನು ಬೀದರಿನ ಚಿದ್ರಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ಹೊತ್ತು ಹೋಗಲೆಂದು ಈ ಆನ್‌ಲೈನ್ ಆಟ ಹಿಡಿದೆ. ಗಂಡು ಹೆಣ್ಣು ಕೂಡಿಸಿದರೆ ಮರಿ ಹುಟ್ಟುತ್ತದೆ. ಅದನ್ನು ಬೆಳೆಸಿ ಆಟದ ಬಜಾರಿನಲ್ಲಿ ದೇಶ ದೇಶದ ಆಟಗಾರರಿಗೆ ಮಾರಬಹುದು. ಆರು ತಲೆಮಾರು ಬಣ್ಣಕ್ಕೆ ಬಣ್ಣ ಕೂಡಿಸಿ ನಾನು ಪಡೆದ ಬೆಳ್ಳಿ ಬಣ್ಣದ ಹೆಣ್ಣು ಕುದುರೆ ಶಬನಮ್. ನನಗೆ ಅದರ ಮೇಲೆ ಭಾರಿ ಹೆಮ್ಮೆ.

ಅಷ್ಟರಲ್ಲಿ ಔರಾದ ಕಡೆಯ ಚಿಂತಾಕಿಯಿಂದ ಅತ್ತೆ ಮಾವ ಬಂದರು, ಮಾವನ ಕಣ್ಣಿನ ಆಪರೇಷನ್ನಿಗೆ. ಮಾವ ನಲವತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದವರು. ಕಣ್ಣು ಮಂಜಾದ ಮೇಲೆ ಮನೆಯ ಜೋಡೆತ್ತನ್ನೂ ಮಾರಿ ಬಂದಿದ್ದರು. ಆಪರೇಷನ್ ಚೆನ್ನಾಗಿಯೇ ಆಯಿತು, ಇನ್ನು ಊರಿಗೆ ಹೋಗಬಹುದು ಎಂದು ಡಾಕ್ಟರು ಹೇಳಿದರು, ಅತ್ತೆ ಚೀಲ ಕಟ್ಟಿದರು. ಮಾವ ಮಾತ್ರ ಏಳಲಿಲ್ಲ. ಒಂದು ದಿನ ಬಿಸಿಲು ಜಾಸ್ತಿ, ಇನ್ನೊಂದು ದಿನ ಬಸ್ಸು ಭರ್ತಿ.

"ಖಾಲಿ ಕೊಟ್ಟಿಗಿ ನೋಡಾಕ ಮನಸಾಗವಲ್ದವಾ ಅವರಿಗಿ," ಎಂದು ಅತ್ತೆ ಮೆಲ್ಲಗೆ ಹೇಳಿದರು. "ನನಗಂತೂ ನನ್ನ ಮನಿ, ನನ್ನ ಒಲಿ ನೆನಪಾಗಿ ಸಾಕಾಗ್ಯಾದ."

ಮಾವನನ್ನು ಊರಿಗೆ ಹೊರಡಿಸುವುದು ಹೇಗೆ ಎಂಬುದೇ ಅತ್ತೆಗೂ ನನಗೂ ಚಿಂತೆಯಾಯಿತು. ಅಲ್ಲಿಯವರೆಗೆ ಬೇಸರ ಕಳೆಯಲಿ ಎಂದು ನಾನು ಮಾವನಿಗೆ ಶಬನಮ್‌ಳನ್ನು ತೋರಿಸಿದೆ.

ಹಲ್ಲು, ಸುಳಿ, ಕಾಲು

"ವಯಸ್ಸೆಷ್ಟವಾ?"

"ನಾಕು ವರ್ಷ ಅಂತ ಇಲ್ಲೇ ಬರದಾರ ನೋಡ್ರಿ ಮಾವ."

"ಬರದದ್ದು ಯಾರ ನಂಬತಾರ? ಬಾಯಿ ತಗಿಸು, ಹಲ್ಲು ನೋಡ್ತೇನಿ."

ಈ ಕುದುರೆ ಬಾಯಿ ತೆಗೆಯುವುದಿಲ್ಲ ಎಂದರೆ ಅವರ ಅನುಮಾನ ಇನ್ನೂ ಜಾಸ್ತಿಯಾಯಿತು. ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡುವುದನ್ನು ಕಲಿಸಿದೆ. ಹಣೆ, ಬೆನ್ನು, ಪಕ್ಕೆ ಎಲ್ಲ ಹುಡುಕಿ, ಕೇಡು ತರುವ ಕೂದಲ ಸುಳಿ ಒಂದೂ ಇಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಓಡಿಸಿ ತೋರಿಸು ಅಂದರು. ನಮ್ಮ ಮನೆಯ ಮೂಲೆಯಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ. ಶಬನಮ್ ಒಂದು ಹೆಜ್ಜೆ ಇಟ್ಟು ನಿಂತಳು, ಇನ್ನೊಂದು ಇಟ್ಟು ಮತ್ತೆ ನಿಂತಳು.

"ಕುಂಟತದ," ಅಂದರು ಮಾವ. "ಮುಂದಿನ ಎಡಗಾಲು. ಮಾರೋವಾಗ ಗಿರಾಕಿಗಿ ಹೇಳಿಬಿಡು, ಇಮಾನ ಮುಖ್ಯ."

ಅದು ನೆಟ್‌ವರ್ಕಿನ ತೊಂದರೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನ ಮಾವ ಭಾಲ್ಕಿಯ ನೆಂಟರನ್ನು ನೋಡಲು ನನ್ನ ಜೊತೆಗೇ ಬಂದರು. ಶಾಲೆಯ ವರಾಂಡದಲ್ಲಿ ಕೂರಿಸಿ, ವೈಫೈ ಹಾಕಿ ಫೋನು ಕೊಟ್ಟೆ. ಶಬನಮ್ ನಾಲ್ಕೂ ಕಾಲಲ್ಲಿ ಹಾರಿ ಓಡಿದಳು. ಮಾವನ ಮುಖ ಅರಳಿತು.

"ನೋಡಿದಿಲ್ಲ? ಭಾಲ್ಕಿ ನೀರು ಮೈಗಿ ಹತ್ಯಾದ ಇದಕ."

ಹಕ್ಕಿನ ಹೆಣ್ಣು

ಪಕ್ಕದ ಮನೆಯ ಸಿಸ್ಟರ್, ಅಂದರೆ ಆಸ್ಪತ್ರೆಯ ನರ್ಸಮ್ಮ, ದಿನಕ್ಕೆ ಮೂರು ಸಲ ಮಾವನ ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದರು. ಅವರಿಗೂ ಈ ಆಟದ ಹುಚ್ಚು ಹಚ್ಚಿ, ನನ್ನ ಲಾಯದ್ದೇ ಒಂದು ಗಂಡು ಮರಿ ಕೊಟ್ಟವಳು ನಾನೇ. ಶಬನಮ್‌ಳಿಗೆ ಅವರ ಗಂಡು ಕುದುರೆಯನ್ನು ಕೂಡಿಸೋಣ ಎಂದು ಮೂವರೂ ಕೂತೆವು. ಆಟ ಒಪ್ಪಲಿಲ್ಲ, ಇವೆರಡೂ ಹತ್ತಿರದ ರಕ್ತಸಂಬಂಧ ಎಂದು ಕೆಂಪು ಅಕ್ಷರದಲ್ಲಿ ತೋರಿಸಿತು. ನೋಡಿದರೆ ಸಿಸ್ಟರ್ ಕುದುರೆ ನಮ್ಮ ಶಬನಮ್‌ಳ ತಾಯಿಯ ತಮ್ಮ.

ಮಾವನಿಗೆ ಸಿಟ್ಟು ಬಂತು. "ಸೋದರಮಾವ ಅಂದ್ರ ಹಕ್ಕಿನ ಗಂಡ. ಅಕ್ಕನ ಮಗಳನ್ನ ಬಿಟ್ಟು ಇನ್ನ ಯಾರನ್ನ ಮಾಡ್ಕೋಬೇಕು? ನಿಮ್ಮತ್ತಿ ನಮ್ಮ ಅಕ್ಕನ ಮಗಳೇ. ನಮಗೇನ್ ಕೆಟ್ಟದಾಗ್ಯಾದ?"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಈ ಆಟದವರು ನಮ್ಮ ಲಗ್ನದಾಗ ಎಲ್ಲಿ ಹೋಗಿದ್ರಂತ ಕೇಳ್ರಿ," ಅಂದರು ಅತ್ತೆ.

ಬಜಾರಿನ ವಾರ

ಮಾವ ಬಂದ ಮೇಲೆ ನನ್ನ ವ್ಯಾಪಾರಕ್ಕೆ ಶಿಸ್ತು ಬಂತು. ಸೋಮವಾರ ಬಸವಣ್ಣನ ವಾರ, ಜಾನುವಾರು ಮುಟ್ಟಬಾರದು. ಮಂಗಳವಾರ ಏನನ್ನೂ ಕೊಡಬಾರದು. ಶುಕ್ರವಾರ ಮನೆಯ ಲಕ್ಷ್ಮಿ ಹೊರಗೆ ಹೋಗಬಾರದು ಎಂದು ಅತ್ತೆ ಅಡ್ಡ ಬಂದರು. ಶನಿವಾರದ ಹೆಸರೇ ಎತ್ತುವಂತಿಲ್ಲ. ಭಾನುವಾರ ಚರ್ಚಿನ ದಿನ, ಯಾರೂ ಫೋನು ಮುಟ್ಟಂಗಿಲ್ಲ ಎಂದು ಸಿಸ್ಟರ್ ಹೇಳಿದರು. ಗುರುವಾರ ದುರಸ್ತಿಗೆಂದು ಆಟದವರೇ ಬಜಾರು ಮುಚ್ಚುತ್ತಿದ್ದರು. ಉಳಿದದ್ದು ಬುಧವಾರ ಒಂದೇ, ಅದೂ ಅಮಾವಾಸ್ಯೆ ಬೀಳದಿದ್ದರೆ. ದೂರ ದೇಶದ ಗಿರಾಕಿಯೊಬ್ಬ ಎರಡು ವಾರ ಕಾದು, ನಿಮ್ಮದು ಸರ್ಕಾರಿ ಕಚೇರಿಯೇ ಎಂದು ಕೇಳಿದ.

ಶಬನಮ್ ಹೊರಟಳು

ನನ್ನ ಲಾಯ ತುಂಬಿತ್ತು. ಆಮೇಲೆ ಬೇರೆ ಗಂಡಿಗೆ ಹುಟ್ಟಿದ ಶಬನಮ್‌ಳ ಮಗಳು ತಾಯಿಗಿಂತ ಚೆಂದ ಬೆಳೆದಿದ್ದಳು. ತಾಯಿಯನ್ನು ಮಾರುತ್ತೇನೆ ಎಂದಾಗ ಮಾವ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟರು. "ನಿನ್ನ ಜಾನವಾರ, ನಿನ್ನ ಖುಷಿ," ಎಂದು ಟವೆಲ್ ಹೆಗಲಿಗೆ ಹಾಕಿಕೊಂಡು ಸಿಸ್ಟರ್ ಮನೆಗೆ ಹನಿ ಹಾಕಿಸಿಕೊಳ್ಳಲು ಹೋದರು.

ಬುಧವಾರ ಬಜಾರಿಗೆ ಇಟ್ಟೆ. ನಾಲ್ಕಾರು ಜನ ಕೇಳಿದರು. ಅದರಲ್ಲಿ ಒಬ್ಬ ಹೊಸ ಗಿರಾಕಿ, ಹೆಸರಿನ ಜಾಗದಲ್ಲಿ ಬರೀ ಅಂಕಿ. ಎಲ್ಲರಿಗಿಂತ ಕಡಿಮೆ ಕೇಳಿದವನೂ ಅವನೇ. ವಾಪಸ್ ಬಂದು ಪಕ್ಕದಲ್ಲಿ ಕೂತ ಮಾವ ಅವನ ಮೇಲೆ ಬೆರಳಿಟ್ಟರು.

"ಇವನಿಗೇ ಕೊಡವಾ. ಮನಿತನದವ ಕಾಣ್ತಾನ."

"ಮುಖ ನೋಡದೇ ಹ್ಯಾಂಗ ತಿಳೀತ್ರಿ?"

"ನಲವತ್ತು ವರ್ಷ ಏನ್ ಮಾಡೇನಿ ನಾ? ಇಷ್ಟು ಬಿಡು, ಇನ್ನೊಂದೀಟು ಬಿಡು. ಜಾನವಾರ ಚಲೋ ಜಾಗಕ್ಕ ಹೋಗೋದು ನೋಡು."

ಅಷ್ಟು ದೊಡ್ಡ ದಲಾಲರ ಮಾತು ಮೀರುವುದು ಹೇಗೆ? ಒಪ್ಪಿಕೊಂಡೆ. ಒಪ್ಪಿಗೆ ಗುಂಡಿ ಒತ್ತುವುದಷ್ಟೇ ಬಾಕಿ. ಆಗ ಮಾವ, ಹನಿ ಹಾಕಿಸಿಕೊಂಡದ್ದು ಮರೆತವರಂತೆ, ಮತ್ತೆ ಸಿಸ್ಟರ್ ಮನೆಗೆ ಎದ್ದು ಹೋದರು. ಎರಡೇ ನಿಮಿಷದಲ್ಲಿ ಗಿರಾಕಿಯ ಸಂದೇಶ ಬಂತು.

"ಹಗ್ಗ ನೀವೇ ಇಟ್ಕೋರಿ, ಮಾರಿದ ಮನಿ ಹಗ್ಗ ನಮಗ ಬ್ಯಾಡ. ಮನಿ ಹೆಣ್ಮಗಳ ಕೈಲೆ ರೊಟ್ಟಿ ತಿನಿಸಿ ಕಳಸ್ರಿ."

ಇಷ್ಟು ದಿನ ಯಾವ ದೇಶದ ಗಿರಾಕಿಯೂ ನನ್ನ ಹತ್ತಿರ ರೊಟ್ಟಿಯ ಮಾತು ಎತ್ತಿರಲಿಲ್ಲ. ಫೋನು ಹಿಡಿದುಕೊಂಡೇ ಪಕ್ಕದ ಮನೆಗೆ ಹೋದೆ. ಸಿಸ್ಟರ್ ಹೊಸ್ತಿಲಲ್ಲೇ ನಗು ತಡೆಯಲಾರದೆ ನಿಂತಿದ್ದರು. ಒಳಗೆ ಮಾವ ಸಂತೆಯಲ್ಲಿ ಕೂತಂತೆ ಕೂತಿದ್ದರು. ಸಂತೆಯಲ್ಲಿ ಬೆಲೆ ಬೇರೆಯವರಿಗೆ ತಿಳಿಯಬಾರದು ಎಂದು ಟವೆಲ್ ಕೆಳಗೆ ಬೆರಳು ಹಿಡಿದು ಚೌಕಾಸಿ ಮಾಡುತ್ತಾರಲ್ಲ, ಹಾಗೆ ಸಿಸ್ಟರಿನ ಹಳೆಯ ಫೋನಿನ ಮೇಲೆ ಟವೆಲ್ ಹೊದಿಸಿ ಒಳಗೆ ಕೈ ಇಟ್ಟಿದ್ದರು.

"ನಂಗ ಒಂದು ಮಾತು ಕೇಳಿದ್ರ ಹಾಗೇ ಕೊಡತಿದ್ದಿಲ್ಲೇನ್ರಿ ಮಾವ?"

"ಬೇಡಿ ತಂದ ಜಾನವಾರ ಕೊಟ್ಟಿಗಿಗಿ ಏಳಿಗಿ ಆಗಂಗಿಲ್ಲವಾ. ಸವದಾ ಮಾಡಿ, ರೊಕ್ಕ ಕೊಟ್ಟೇ ತರಬೇಕು."

"ಇಬ್ಬರ ಕಡಿ ದಲಾಲಿನೂ ನೀವೇ ಮಾಡಿದ್ರಲ್ಲ."

"ಅದಕ್ಕೇ ಎರಡೂ ಕಡಿ ಚಹಾ ಕುಡದೇನಿ," ಅಂದರು. ಆಮೇಲೆ ದನಿ ತಗ್ಗಿಸಿ, "ಬೆಳಗಾದ್ರ ಎದ್ದು ನೋಡಾಕ ಒಂದು ಜೀವ ಬೇಕವಾ ಮನ್ಯಾಗ," ಎಂದರು. ಅಲ್ಲೇ ಗುಂಡಿ ಒತ್ತಿದೆ.

ಕಳಿಸುವ ಮೊದಲು ಕ್ರಮ ತಪ್ಪಲಿಲ್ಲ. ಹಗ್ಗದ ಬದಲು ಆಟದೊಳಗಿನ ಲಗಾಮು ಬಿಚ್ಚಿಟ್ಟುಕೊಂಡೆ. ಅತ್ತೆ ಜೋಳದ ರೊಟ್ಟಿಯ ಚೂರನ್ನು ಫೋನಿನ ಮುಂದೆ ಹಿಡಿದರು. ಕುದುರೆ ಪರವಾಗಿ ಮಾವನೇ ತಿಂದರು.

ಮರುದಿನ ಮಾವ ಅತ್ತೆಗಿಂತ ಮೊದಲು ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಔರಾದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಸಿಸ್ಟರ್ ಕೊಟ್ಟ ಫೋನಿರುವ ಅಂಗಿಯ ಜೇಬನ್ನು ಎರಡು ಸಲ ಮುಟ್ಟಿ ನೋಡಿಕೊಂಡರು. ನಾನು ಕಿಟಕಿಯ ಹತ್ತಿರ ಹೋಗಿ, "ಅತ್ತಿ, ಮನಿಗಿ ಮತ್ತ ಜಾನವಾರ ಬಂತು, ನಿಮಗ ಕೆಲಸ ಆತಲ್ರಿ," ಅಂದೆ.

ಅತ್ತೆ ಸೆರಗು ಸರಿಮಾಡಿಕೊಂಡು ನೆಮ್ಮದಿಯಿಂದ ಹಿಂದಕ್ಕೆ ಒರಗಿದರು.

"ಇರಲೇಳವಾ. ಲಗ್ನ ಆದಾಗಿಂದ ಇವರು ಮನಿಗಿ ತಂದ ಜಾನವಾರದಾಗ ನಾ ಶೆಗಣಿ ಬಳೀಲಾರದ್ದು ಇದೊಂದೇ."