ಹದಿನೆಂಟನೇ ನಿಮಿಷಕ್ಕೆ ಯಾರೂ ಏಳಬಾರದು

ಮಸ್ಕಿಯ ನಮ್ಮ ಕಾಕಾನಂಥ ಧಾರಾಳಿ ಮೂರು ತಾಲೂಕು ಹುಡುಕಿದರೂ ಸಿಗುವುದಿಲ್ಲವಂತೆ. ಹಾಗೆಂದು ಸಿಂಧನೂರಿನವರು ಹೇಳುತ್ತಾರೆ, ಲಿಂಗಸುಗೂರಿನವರೂ ಹೇಳುತ್ತಾರೆ. ಹೇಳಲಿ ಪಾಪ, ಅವರಿಗೇನು ಗೊತ್ತು! ಅಂಥ ಜಿಪುಣನನ್ನು ನಾನಂತೂ ಕಂಡಿಲ್ಲ.

ಕಾಕಾನದು ಪಾತ್ರೆ ಅಂಗಡಿ. ಕೊಡ, ತಪೇಲಿಗಳ ಹಿಂದೆ ಹಿಂದುಸ್ತಾನಿ ಸಂಗೀತದ ಕ್ಯಾಸೆಟ್ಟುಗಳು. ಕೆಲವು ರೇಡಿಯೋದಿಂದ ಹಿಡಿದವು, ಕೆಲವು ಮಠದ ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ತಾನೇ ರೆಕಾರ್ಡ್ ಮಾಡಿದವು. ಈಗ ಎಲ್ಲವೂ ಪೆನ್‌ಡ್ರೈವಿಗೆ ಬಂದಿವೆ. ಸಂಗೀತದ ಹುಚ್ಚಿನವರು ಯಾರೇ ಕೇಳಲಿ, ಹಂಚುತ್ತಾನೆ. ಆದರೆ ಮೊಬೈಲಿನಲ್ಲಿ ಕಳಿಸುವುದಿಲ್ಲ. "ಗಾಳ್ಯಾಗ ಕಳಿಸಿದ್ರ ಸ್ವರ ಸೊರಗತಾವ" ಅನ್ನುತ್ತಾನೆ! ಪೆನ್‌ಡ್ರೈವನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟು, "ಅಡ್ಡ ಹಾಕಬ್ಯಾಡ್ರಿ" ಎಂದು ಎಚ್ಚರಿಸುತ್ತಾನೆ. ಒಳಗೆ ಸಾರು ಇದೆಯೆಂದು ಒಬ್ಬ ಕಂಡಕ್ಟರ್ ಅದನ್ನು ಸಿಂಧನೂರಿನವರೆಗೂ ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ಆವತ್ತು ಅರ್ಧ ಬಸ್ಸಿಗೆ ಟಿಕೆಟ್ಟೇ ಹರಿಯಲಿಲ್ಲ!

ಡಬ್ಬಿಯಲ್ಲಿ ಒಂದು ಚೀಟಿಯೂ ಇರುತ್ತದೆ: ಯಾವ ರಾಗ, ಯಾವ ಹೊತ್ತು, ಕೇಳುವಾಗ ಏನೇನು ಮಾಡಬಾರದು. "ವಿಲಂಬಿತದಾಗ ಅಡಕಿ ಕಡೀಬಾರದು." "ಹದಿನೆಂಟನೇ ನಿಮಿಷಕ್ಕೆ ಯಾರೂ ಏಳಬಾರದು." ಕಾಕಾ ಇವನ್ನು ಬರೆಯುವಾಗ ನಾನೇ ನೋಡಿದ್ದೇನೆ. ಸಂಗೀತ ಕೇಳುವುದೋ, ಪರೀಕ್ಷೆ ಬರೆಯುವುದೋ?

ಸಿಂಧನೂರಿನ ಗೊಬ್ಬರದಂಗಡಿಯ ಸಾಹುಕಾರರು ಒಮ್ಮೆ ಮುಂಜಾನೆಯ ತೋಡಿ ರಾಗವನ್ನು ಸಂಜೆ ಹಾಕಿಕೊಂಡು ಕೂತಿದ್ದರು. ಸರಿಯಾಗಿ ಅದೇ ಹೊತ್ತಿಗೆ ಕಾಕಾನ ಫೋನು, ತೋಡಿ ಅವನ ಕಿವಿಗೆ ಬಿತ್ತು!

"ಸಾಹುಕಾರ್ರ, ನೀವು ಸಂಜಿಮುಂದ ಹಲ್ಲು ತಿಕ್ಕತೀರೇನ್ರಿ?"

"ಒಮ್ಮೊಮ್ಮಿ ತಿಕ್ಕತೀನ್ರಿ" ಎಂದರಂತೆ ಆ ಸಾಧು ಮನುಷ್ಯ.

ಮೂರು ತಿಂಗಳು ಅವರಿಗೆ ಡಬ್ಬಿ ಬಂದ್. ಆಮೇಲೆ ಅವರಿಗೂ ಕ್ಷಮೆ ಸಿಕ್ಕಿತು. ನನಗೆ? ಸ್ವಂತ ಅಣ್ಣನ ಮಗಳಿಗೆ? ಮೂವತ್ತು ವರ್ಷವಾಯಿತು, ಒಂದೇ ಒಂದು ಡಬ್ಬಿ ಬಂದಿಲ್ಲ! ಸಾಲದ್ದಕ್ಕೆ ಈ ಸಾಹುಕಾರರು ನನ್ನನ್ನು ಕಂಡಾಗಲೆಲ್ಲ ಮುಸಿಮುಸಿ ನಗುವುದು ಬೇರೆ.

ನನ್ನ ಅಪರಾಧವೇನು ಮಹಾ? ಏಳು ವರ್ಷದವಳಿದ್ದೆ. ಕಾಕಾ ಊಟಕ್ಕೆ ಎದ್ದಾಗ ಟೇಪ್‌ರೆಕಾರ್ಡರಿನ ಕೆಂಪು ಗುಂಡಿ ಒತ್ತಿ ಮೂರರ ಮಗ್ಗಿ ಹೇಳಿದೆ. ಒಳಗಿದ್ದದ್ದು ಮಠದಲ್ಲಿ ಒಬ್ಬ ವಯಸ್ಸಾದ ಗವಾಯಿಗಳು ಹಾಡಿದ್ದ ಮುಲ್ತಾನಿ ರಾಗ. ಲೋಕದಲ್ಲಿ ಇನ್ನೆಲ್ಲೂ ಇಲ್ಲದ ಮುಲ್ತಾನಿ! ಅದರ ನಡುವಿನ ಒಂದು ತುಂಡು ಅಳಿಸಿಹೋಯಿತು. ಕಾಕಾ ಹೊಡೆಯಲಿಲ್ಲ, ಬೈಯಲಿಲ್ಲ. ಪೂರ್ತಿ ಕೇಳಿ, ಕ್ಯಾಸೆಟ್ಟಿನ ಅಂಚಿನ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಟಕ್ಕೆಂದು ಮುರಿದ. ಅದು ಮುರಿದರೆ ಟೇಪಿನ ಮೇಲೆ ಮತ್ತೇನೂ ರೆಕಾರ್ಡ್ ಆಗುವುದಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ!

ಅಂದಿನಿಂದ ಕೇಳುತ್ತಲೇ ಇದ್ದೇನೆ. "ಕಾಕಾ, ಆ ಮುಲ್ತಾನಿ ಕೊಡು."

"ನಿನ್ನ ಕೈಯಾಗ? ಒಮ್ಮಿ ಸಿಕ್ಕಿದ್ದ ಸಾಕಾಗೈತಿ ಬೇ."

ನಾನೀಗ ಸಿಂಧನೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಊರಿನವರು ಮಕ್ಕಳನ್ನೇ ನನ್ನ ಕೈಗೆ ಒಪ್ಪಿಸುತ್ತಾರೆ, ಈ ಮನುಷ್ಯ ಒಂದು ಹಾಡು ಒಪ್ಪಿಸಲಾರ! ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಮುಲ್ತಾನಿಗಿಂತ ಹೆಚ್ಚಾಗಿ, "ಹೋಗ್ಲಿ ಬಿಡು" ಎಂಬ ಅವನ ಒಂದು ಮಾತು.

ಹೋದ ತಿಂಗಳು ರೇಗಿಹೋಗಿ ಲಿಂಗಸುಗೂರಿನ ಬಸ್ಸು ಹತ್ತಿದೆ. ಅಲ್ಲೊಬ್ಬ ನಿವೃತ್ತ ಮಾಸ್ತರರಿಗೆ ಕಾಕಾನ ಡಬ್ಬಿಗಳು ತಪ್ಪದೆ ಹೋಗುತ್ತವೆ. ಅವರ ಹತ್ತಿರ ಗುಟ್ಟಾಗಿ ನಕಲು ಪಡೆಯುವುದೆಂದು ನನ್ನ ಹಂಚಿಕೆ. ಬಸ್ಸು ಮಸ್ಕಿಯಲ್ಲಿ ನಿಂತಾಗ ಸೆರಗು ಹೊದ್ದು ತಲೆ ತಗ್ಗಿಸಿ ಕೂತೆ. ನನ್ನ ಕಾಕಾನ ಊರಿನಲ್ಲಿ ನಾನೇ ಕಳ್ಳಿ!

ಇಂಥವರ ಅಣ್ಣನ ಮಗಳು ಎಂದದ್ದೇ ತಡ, ಮಾಸ್ತರರು ಕನ್ನಡಕ ಸರಿಮಾಡಿಕೊಂಡರು. "ಮೂರೇಳ್ಲೆ ಎಷ್ಟ್ರೀ?"

ಮಾಸ್ತರಿಕೆಯ ಚಟ ಇನ್ನೂ ಹೋಗಿಲ್ಲವೆಂದುಕೊಂಡು "ಇಪ್ಪತ್ತೊಂದ್ರಿ" ಎಂದೆ.

"ಕಲ್ತೀರಿ ಬಿಡ್ರಿ!" ಎಂದು ಗಹಗಹಿಸಿ ನಕ್ಕು ಮುಲ್ತಾನಿ ಹಚ್ಚಿದರು.

ಹದಿನೆಂಟನೇ ನಿಮಿಷ. ರಾಗದ ತಾನ ಮೇಲೇರುತ್ತಿತ್ತು. ಗವಾಯಿಗಳ ದನಿ ತಟ್ಟನೆ ನಿಂತು, ಒಂದು ಕೀರಲು ದನಿ ಎದ್ದಿತು: "ಮೂರಾರ್ಲೆ ಹದಿನೆಂಟು, ಮೂರೇಳ್ಲೆ ಇಪ್ಪತ್ತೆರಡು..." ಎಷ್ಟು ಧೈರ್ಯದಿಂದ ತಪ್ಪು ಹೇಳಿದ್ದೆ! ಮಗ್ಗಿ ಮುಗಿದ ಮೇಲೆ ಗವಾಯಿಗಳು ಏನೂ ಆಗಿಲ್ಲವೆಂಬಂತೆ ಮುಂದುವರಿಸಿದರು. ನಾನು ನಾಚಿಕೆಯಿಂದ ನೆಲ ನೋಡುತ್ತಿದ್ದೆ.

"ಒಬ್ರು ಕಂಪ್ಯೂಟರಿನಾಗ ಇದನ್ನ ಕತ್ತರಿಸಿ ಕೊಡ್ತೀನಿ ಅಂದಿದ್ರು," ಎಂದರು ಮಾಸ್ತರರು. "ನಿಮ್ಮ ಕಾಕಾ ಬಿಲ್ಕುಲ್ ಒಪ್ಪಲಿಲ್ಲ. 'ಮುಲ್ತಾನಿ ಹಾಡೋರು ಇನ್ನೂ ಹುಟ್ಟತಾರ್ರಿ, ನಮ್ಮ ಹುಡುಗಿ ಏಳು ವರ್ಷದಾಕಿ ಮತ್ತ ಆಗತಾಳೇನು?' ಅಂದ್ರು. ಯಾರಿಗೇ ಡಬ್ಬಿ ಹೋಗ್ಲಿ, ಮೊದಲ ಹೋಗೂದು ಇದರೀ."

ಹಾಗಾದರೆ ಅಂದು ಕ್ಯಾಸೆಟ್ಟಿನ ಆ ಹಲ್ಲು ಮುರಿದದ್ದು ಉಳಿದ ಮುಲ್ತಾನಿಗಾಗಿ ಅಲ್ಲ. ನನ್ನ ಮಗ್ಗಿಯ ಮೇಲೆ ಇನ್ಯಾರೂ ಏನೂ ತುಂಬಬಾರದೆಂದು.

ಅಂಗಳಕ್ಕೆ ಬಂದು ಕಾಕಾನಿಗೆ ಫೋನು ಹಚ್ಚಿ ಜಗಳ ತೆಗೆದೆ. "ಊರಿಗೆಲ್ಲ ಕೊಟ್ಟಿ, ನನಗ್ಯಾಕ ಕೊಡಲಿಲ್ಲ?"

"ನಿನಗ ಕೊಟ್ಟಿದ್ರ ನಾಚಿಕಿಗೆ ಅಳಿಸಿಬಿಡ್ತಿದ್ದಿ ಬೇ."

ಹೌದು, ಅಳಿಸಿಬಿಡುತ್ತಿದ್ದೆ. ಸೊರ್ರೆಂದು ಮೂಗೇರಿಸಿದೆ. ಆ ಕಡೆ ಯಾರೋ ತಪೇಲಿ ಬಡಿದು ನೋಡುವ ಸದ್ದು.

"ಅಳಬ್ಯಾಡ. ಈಗ ಹೇಳು, ಮೂರೇಳ್ಲೆ ಎಷ್ಟು?"

ಗಣಿತದ ಟೀಚರು ಕಣ್ಣೊರೆಸಿಕೊಂಡು, "ಇಪ್ಪತ್ತೆರಡು, ಕಾಕಾ" ಎಂದಳು.