ಕೊನೆಯ ನುಡಿಯೂ ನನ್ನ ಕೈಗಂಟೆಯೂ

ನಾನು ಎಷ್ಟು ಅಚ್ಚುಕಟ್ಟಾಗಿ ಏರ್ಪಾಡು ಮಾಡುತ್ತೇನೋ, ಜನ ಅಷ್ಟೇ ನಗುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ. ಕಾರಣ ನನಗೆ ಇಂದಿಗೂ ತಿಳಿದಿಲ್ಲ. ನಾನು ಹೈದರಾಬಾದಿನ ಕಾನ್ವೆಂಟಿನಲ್ಲಿ ಕಲಿತವಳು, ಕಲಬುರ್ಗಿಯ ಶಹಾಬಜಾರದ ಹೆಣ್ಣುಮಕ್ಕಳ ಹಾಸ್ಟೆಲಿಗೆ ಮೇಟ್ರನ್ ಆಗಿದ್ದವಳು. ನನ್ನ ವೇಳಾಪಟ್ಟಿಯನ್ನು ನೋಡಿ ಓಣಿಯವರು ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರು. ಆದರೂ ಪೊಲೀಸ್ ಆ್ಯಕ್ಷನ್ ಆಗಿ ಎರಡು ವರ್ಷಕ್ಕೆ ನಾನು ಇಟ್ಟುಕೊಂಡ ಒಂದು ಹಾಡಿನ ಸಂಜೆ ಹೀಗಾಯಿತು.

೧. ಕಮಲಾಪುರದ ಕರಾರು

ಕಮಲಾಪುರದಲ್ಲಿ ಹಾಡು ಕಟ್ಟುವ ಒಬ್ಬ ಅಜ್ಜ ಇದ್ದರು. ಕೆಂಪು ಬಾಳೆಯ ಸಣ್ಣ ತೋಟ, ಒಂದು ಏಕತಾರಿ, ಲೆಕ್ಕವಿಲ್ಲದಷ್ಟು ಹಾಡು. ಕಲಬುರ್ಗಿಯ ಹೆಂಗಸರು ಬೀಸುವಾಗ ಹಾಡುತ್ತಿದ್ದ ಹಾಡುಗಳಲ್ಲಿ ಅರ್ಧ ಅವರವೇ. ಆದರೆ ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಹಾಡು ಕಟ್ಟಿದವರು ತಮ್ಮ ಹೆಸರನ್ನು ಕೊನೆಯ ನುಡಿಯಲ್ಲಿ ಇಡುವುದು ಪದ್ಧತಿ. ಹಾಡುಗಳಲ್ಲಿ ನಿಜಾಮನನ್ನು ಚುಚ್ಚುವ ಮಾತುಗಳಿದ್ದವು; ರಜಾಕಾರರ ದಿನಗಳಲ್ಲಿ ಅಜ್ಜನನ್ನು ಹಿಡಿದುಕೊಂಡು ಹೋದಾರೆಂದು ಅವರ ಊರ ಜನ ಆ ಕೊನೆಯ ನುಡಿಯನ್ನೇ ಬಿಟ್ಟು ಹಾಡಿದರು. ರಜಾಕಾರರು ಹೋದರು, ಬಿಟ್ಟು ಹಾಡುವ ರೂಢಿ ಮಾತ್ರ ಹೋಗಲಿಲ್ಲ.

ನಾನು ಕರೆಯಲು ಹೋದಾಗ ಅಜ್ಜ ಹೇಳಿದರು: "ಬರ್ತೀನ್ರೀ ಅಕ್ಕೋರ. ಶಾಲು ಬ್ಯಾಡ, ಹಾರ ಬ್ಯಾಡ. ಕಲಬುರ್ಗ್ಯಾಗ ಒಮ್ಮಿ ನನ್ನ ಹೆಸರು ನನ್ನ ಹಾಡಿನಾಗ ಕೇಳಬೇಕು. ಅಷ್ಟೇ."

"ಸ್ವಾಗತ ಭಾಷಣದಲ್ಲಿ ಮೂರು ಸಲ ಹೇಳುತ್ತೇನೆ" ಎಂದೆ.

"ಭಾಷಣದಾಗಿನ ಹೆಸರು ಯಾರು ನೆನಪಿಡ್ತಾರ್ರೀ? ಹಾಡಿನಾಗಿಂದಾದ್ರ ನಾಳಿ ಬೀಸೂಕಲ್ಲಿನ ಮುಂದ ಹೆಣ್ಮಕ್ಳು ಹಾಡ್ತಾರ."

ಆಗಲಿ ಎಂದು ಮಾತು ಕೊಟ್ಟೆ. ಎದ್ದು ಹೊರಡುವಾಗ ನನ್ನ ರೂಢಿಯಂತೆ ಸೂಚನೆಗಳನ್ನೂ ಕೊಟ್ಟೆ: ಧೋತರ ಒಗೆದದ್ದಿರಲಿ, ಉಗುರು ಕತ್ತರಿಸಿರಲಿ, ಎಲೆಅಡಿಕೆ ಕೂಡದು, ಆರಕ್ಕೆ ಹತ್ತು ನಿಮಿಷ ಮೊದಲೇ ಹಾಜರಿರಬೇಕು.

ಒಳಗಿನಿಂದ ಅವರ ಹೆಂಡತಿ ಕೂಗಿದರು: "ನಲವತ್ತು ವರ್ಷದಿಂದ ಇದನ್ನೇ ಹೇಳಾಕತ್ತೀನ್ರೀ ಅಕ್ಕೋರ! ಒಂದು ವರ್ಷ ಇವರ್ನ ನಿಮ್ಮ ಹಾಸ್ಟೆಲಿಗೇ ಹಾಕ್ಕೋರಿ!"

೨. ಕಾಲ ಕೆಳಗಿನ ಟ್ರಂಕು

ಗೌರವದ ಅತಿಥಿಯನ್ನು ನೆಲದ ಮೇಲೆ ಕೂಡಿಸುವುದು ನನ್ನಿಂದಾಗದು. ತಹಶೀಲ್ದಾರ್ ಸಾಹೇಬರ ಪಕ್ಕದಲ್ಲಿಯೇ ಎತ್ತರದ ಕುರ್ಚಿ ಹಾಕಿಸಿದ್ದೆ. ಅಜ್ಜ ಗಿಡ್ಡ ಆಳು. ಕಾಲು ನೆಲಕ್ಕೆ ಮುಟ್ಟಲಿಲ್ಲ.

"ಕಾಲು ಬಡೀಲಿಲ್ಲಂದ್ರ ಹಾಡು ಏಳಂಗಿಲ್ರೀ" ಎಂದರು. "ಕೆಳಗ ಕೂಡ್ತೀನಿ."

"ಕುರ್ಚಿಯಲ್ಲಿಯೇ ಕೂಡಬೇಕು" ಎಂದು ನಾನು ಕೈಗೆ ಸಿಕ್ಕ ಒಂದು ತಗಡಿನ ಟ್ರಂಕನ್ನು ತರಿಸಿ ಅವರ ಕಾಲ ಕೆಳಗೆ ಇಡಿಸಿದೆ.

ಟ್ರಂಕು ತಬಲಾದ ಡಗ್ಗಾದ ಹಾಗೆ ನುಡಿಯಿತು. ಅಜ್ಜನಿಗೆ ಹುರುಪು ಬಂತು. ಅವರು ಜೋರಾಗಿ ಬಡಿದಂತೆಲ್ಲ ಮುಂದಿನ ಸಾಲಿನ ಒಬ್ಬ ಹುಡುಗಿ ಕೈ ಕೈ ಹಿಸುಕಿಕೊಂಡು, "ಸಾವಕಾಶ, ಅಜ್ಜಾ! ಅಯ್ಯೋ, ಅಜ್ಜಾ!" ಎನ್ನತೊಡಗಿದಳು.

ತಹಶೀಲ್ದಾರರು ನನ್ನ ಕಡೆ ಬಾಗಿ, "ವ್ಹಾ! ಇಷ್ಟು ಸಣ್ಣ ವಯಸ್ಸಿನ್ಯಾಗ ಎಂಥಾ ರಸಿಕತನ!" ಎಂದರು.

ಆಗಲೇ ಟ್ರಂಕಿನ ಮುಚ್ಚಳ ಹಾರಿತು. ನನ್ನ ಹಾಸ್ಟೆಲಿನಲ್ಲಿ ತಿಂಡಿ ಬಚ್ಚಿಡುವುದಕ್ಕೆ ಕಟ್ಟುನಿಟ್ಟಿನ ನಿಷೇಧವಿತ್ತು. ಒಳಗೆ ಐವತ್ತಾದರೂ ಶೇಂಗಾದ ಉಂಡಿಗಳಿದ್ದವು. ಉಂಡಿಗಳಿದ್ದವು ಎಂದೇ ಹೇಳಬೇಕು. ಈಗ ಬರೀ ಹಿಟ್ಟಿತ್ತು. ತಾಳ ಮಾತ್ರ ಒಂದೂ ತಪ್ಪಿರಲಿಲ್ಲ.

೩. ಪ್ರಶ್ನೆ ನನ್ನದೇ, ಉತ್ತರವೂ ನನ್ನದೇ

ಹಾಡಿನ ನಡುವೆ ಮಾತುಕತೆ ಇತ್ತು. ಕಾನ್ವೆಂಟಿನಲ್ಲಿ ನಮಗೆ ಪ್ರಶ್ನೆಯ ಜೊತೆಗೆ ಉತ್ತರವನ್ನೂ ಕೊಟ್ಟು ಬಾಯಿಪಾಠ ಮಾಡಿಸುತ್ತಿದ್ದರು. ಅದಕ್ಕಿಂತ ಒಳ್ಳೆಯ ವಿಧಾನ ನಾನು ಕಂಡಿಲ್ಲ. ಅಜ್ಜನನ್ನು ಕೇಳಿಕೊಂಡು ಬಂದದ್ದನ್ನೆಲ್ಲ ತಿದ್ದಿ, ಆರು ಪ್ರಶ್ನೆ, ಆರು ಉತ್ತರ ಬರೆದು ಕಳಿಸಿದ್ದೆ. ಅವರು ಸಾಲಾಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಕೇಳಬೇಕಾದ ಹುಡುಗಿ ಹೆದರಿ, ಓದಿದ್ದೆಷ್ಟು ಎಂಬ ಎರಡನೆಯ ಪ್ರಶ್ನೆಯನ್ನು ಹಾರಿಸಿಬಿಟ್ಟಳು.

"ನಿಮ್ಮ ಗುರುಗಳು ಯಾರು?"

"ಮೂರನೆಯ ಇಯತ್ತೆ" ಎಂದರು ಅಜ್ಜ, ಗಂಭೀರವಾಗಿ.

"ಕಂಠ ಕೆಡದಂತೆ ದಿನವೂ ಏನು ತಿನ್ನುತ್ತೀರಿ?"

"ನಮ್ಮೂರ ಮಠದ ಹಿರಿಯ ಸ್ವಾಮಿಗಳು."

"ಹಾಡು ಕಟ್ಟಿದೊಡನೆ ಮೊದಲು ಯಾರಿಗೆ ಕೇಳಿಸುತ್ತೀರಿ?"

"ಒಂದು ಲೋಟ ಬಿಸಿಹಾಲು, ಒಂದು ಕೆಂಪು ಬಾಳೆಹಣ್ಣು."

ನಾನು ಕಣ್ಣಿನಲ್ಲಿಯೇ ಸನ್ನೆ ಮಾಡಿದೆ. ಹುಡುಗಿ ಇನ್ನೂ ಹೆದರಿ ಕೊನೆಯದನ್ನೂ ಕೇಳಿಬಿಟ್ಟಳು: "ಆ ಕೆಟ್ಟ ದಿನಗಳಲ್ಲಿ ನಿಮ್ಮನ್ನು ಎಲ್ಲರಿಗಿಂತ ಹೆಚ್ಚು ಹೆದರಿಸಿದವರು ಯಾರು?"

"ನನ್ನ ಧರ್ಮಪತ್ನಿ."

ತಹಶೀಲ್ದಾರರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾಳ ಹಿಡಿದು ಪಕ್ಕದಲ್ಲಿಯೇ ಕುಳಿತಿದ್ದ ಹೆಂಡತಿ ಗಂಡನನ್ನು ದುರುಗುಟ್ಟಿ ನೋಡಿದರು.

"ನನಗ್ಯಾಕ ನೋಡ್ತಿ? ಅಕ್ಕೋರು ಬರಕೊಟ್ಟಾರ" ಎಂದರು ಅಜ್ಜ.

"ಹೌದೇನ್ರೀ ಅಕ್ಕೋರ?"

ನಾನು ಸುಳ್ಳು ಹೇಳುವವಳಲ್ಲ. "ಹೌದು" ಎಂದೆ.

೪. ಗಂಟೆ

ಹಾಡಿಗೆ ಆರು ನಿಮಿಷದಂತೆ ಮೂರು ಹಾಡು, ಏಳಕ್ಕೆ ಸರಿಯಾಗಿ ಪ್ರಾರ್ಥನೆ. ಆರು ನಿಮಿಷಕ್ಕೆ ನಾನು ಕೈಗಂಟೆ ಬಾರಿಸಬೇಕು, ಗಂಟೆ ಕೇಳಿದೊಡನೆ ಹುಡುಗಿಯರು ಚಪ್ಪಾಳೆ ತಟ್ಟಬೇಕು. ಒಂದು ವಾರ ತಾಲೀಮು ಮಾಡಿಸಿದ್ದೆ.

ಮೊದಲ ಹಾಡಿನಲ್ಲಿ ಅಜ್ಜ ಕೊನೆಯ ನುಡಿಗೆ ಬಾಯಿ ತೆರೆದರು. ಆರು ನಿಮಿಷವಾಯಿತು. ಗಂಟೆ, ಚಪ್ಪಾಳೆ. ಎರಡನೆಯದನ್ನು ಅವರು ಬೇಗ ಬೇಗ ಹಾಡಿದರು. ಆದರೂ ಹೆಸರಿನ ಮೊದಲ ಅಕ್ಷರಕ್ಕೇ ಗಂಟೆಯಾಯಿತು. ಅಜ್ಜ ನನ್ನ ಮುಖ ನೋಡಿದರು. ಬಾಯಾರಿಕೆ ಇರಬೇಕೆಂದು ನೀರು ಕಳಿಸಿದೆ.

ನೀರಿನ ತಂಬಿಗೆ ಹಿಂದಕ್ಕೆ ತಂದದ್ದು ಅವರ ಹೆಂಡತಿ. "ಅಕ್ಕೋರ," ಎಂದರು ಮೆಲ್ಲಗೆ, "ಮಾತೂ ಕೊಟ್ಟೀರಿ, ಗಂಟೀನೂ ಹೊಡ್ಯಾಕತ್ತೀರಿ. ಅವರು ಹೆಸರು ಹೇಳೂದು ಯಾವಾಗ? ರಜಾಕಾರ್ರು ಇದ್ದಾಗ ಜನ ತಾವಾಗೇ ಬಿಡ್ತಿದ್ರು. ಈಗ ನೀವು ಬಿಡಸಾಕತ್ತೀರಿ."

ನನಗೆ ಆಗ ಹೊಳೆಯಿತು. ಕಿವಿ ಬಿಸಿಯಾದವು. ಒಂದು ಕಡೆ ಕೊಟ್ಟ ಮಾತು, ಒಂದು ಕಡೆ ಎಂದೂ ಮುರಿಯದ ವೇಳಾಪಟ್ಟಿ. ಉಳಿದದ್ದು ಒಂದೇ ಹಾಡು. ಏನು ಮಾಡಲಿ ಎನ್ನುವಷ್ಟರಲ್ಲಿ ಅಜ್ಜ ಕುರ್ಚಿಯಿಂದ ಇಳಿದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಏಕತಾರಿ ಮೀಟಿ, ಕೊನೆಯ ನುಡಿಯನ್ನೇ ಮೊದಲು ಹಾಡಿಬಿಟ್ಟರು!

ತಮ್ಮ ಹೆಸರು, ತಮ್ಮ ಊರು. ಹಿಂದೆ ಕುಳಿತಿದ್ದ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯವ್ವಾ, ನಾವು ಹಾಡೂ ಹಾಡು ಇವರದೇನ?" ಎಂದು ಒಬ್ಬಾಕೆ ಗಟ್ಟಿಯಾಗಿಯೇ ಅಂದಳು. ಆಮೇಲೆ ಎಲ್ಲರೂ ಸೇರಿ ಅದೇ ನುಡಿಯನ್ನು ತಿರುಗಿ ಹಾಡಿದರು, ಹೆಸರು ಸಮೇತ. ಅಜ್ಜ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನಂದು ಮುಗೀತ್ರೀ ಅಕ್ಕೋರ. ಇನ್ನ ಎಷ್ಟು ಬೇಕಾದ್ರೂ ಹೊಡ್ಕೋರಿ."

ನಾನು ಗಂಟೆಯನ್ನು ಕುರ್ಚಿಯ ಕೆಳಗೆ ಇಟ್ಟೆ. ಆ ದಿನ ಪ್ರಾರ್ಥನೆ ಶುರುವಾದದ್ದು ಏಳೂ ಇಪ್ಪತ್ತಕ್ಕೆ. ನನ್ನ ನೌಕರಿಯಲ್ಲಿ ಅದೊಂದೇ ಸಲ. ಅದಕ್ಕಾಗಿ ನಾನು ಪಶ್ಚಾತ್ತಾಪ ಪಟ್ಟಿಲ್ಲ. ಶಹಾಬಜಾರದಲ್ಲಿ ಇಂದಿಗೂ ಆ ಹಾಡನ್ನು ಕೊನೆಯಿಂದಲೇ ಶುರು ಮಾಡುತ್ತಾರೆ.

ಮರು ಭಾನುವಾರ ಹುಡುಗಿಯರು ಮನೆಗೆ ಕಾಗದ ಬರೆಯುವ ಅರ್ಧ ಗಂಟೆ. ನನ್ನ ಕೈಗಂಟೆ ಬಾರಿಸಿದ ಮೇಲೆ ಒಂದು ಅಕ್ಷರವನ್ನೂ ಬರೆಯಕೂಡದು ಎಂಬುದು ನನ್ನ ನಿಯಮ. ಗಂಟೆ ಬಾರಿಸಿ, ಕಾಗದಗಳನ್ನು ತೆಗೆದುಕೊಂಡು ತಿದ್ದಲು ಕುಳಿತೆ. ಮೂವತ್ತು ಕಾಗದಗಳೂ ಒಂದೇ ರೀತಿ ಶುರುವಾಗಿದ್ದವು: "ಇಂತಿ ನಿಮ್ಮ ಪ್ರೀತಿಯ ಮಗಳು."

"ಏನಿದು?" ಎಂದು ಗದರಿದೆ.

ಉಂಡಿಯ ಟ್ರಂಕಿನ ಹುಡುಗಿ ಎದ್ದು ನಿಂತು, ಕೈಕಟ್ಟಿ, ವಿನಯದಿಂದ ಹೇಳಿದಳು:

"ನಮ್ಮ ಹೆಸರು ಮೊದಲ ಬರಕೊಂಡೀವ್ರೀ ಅಕ್ಕೋರ. ಗಂಟಿ ನಿಮ್ಮ ಕೈಯಾಗ ಅದಲ್ರೀ!"