ಹೊಟ್ಟೆಯಿಲ್ಲದ ಸದ್ದು

ಕೆಲವರಿಗೆ ಕೆಲಸಕ್ಕಿಂತ ಕೆಲಸದ ಸಿದ್ಧತೆಯೇ ಹೆಚ್ಚು ರುಚಿ. ನಾನು ಆ ಪಂಗಡದವನು. ಪರೀಕ್ಷೆಯ ವೇಳಾಪಟ್ಟಿಯನ್ನು ಮೂರು ಬಣ್ಣಗಳಲ್ಲಿ ಬರೆದು, ಓದಲು ಹೊತ್ತು ಸಾಲದೆ ಕೂತವನು. ದಿನವೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಬೇಕೆಂದು ನಿರ್ಧರಿಸಿ, ಎಣಿಕೆಗೆಂದೇ ಒಂದು ಪುಸ್ತಕಕ್ಕೆ ಗೆರೆ ಎಳೆದಿಟ್ಟಿದ್ದೇನೆ. ಪುಸ್ತಕ ಚೆನ್ನಾಗಿದೆ.

ಇಂಥವನ ಕೈಗೆ ಆಂಪ್ ಮಾಡೆಲರ್ ಸಿಕ್ಕಿತು. ಇಟ್ಟಿಗೆ ಗಾತ್ರದ ಡಬ್ಬಿ. ಎಲೆಕ್ಟ್ರಿಕ್ ಗಿಟಾರನ್ನು ಇದಕ್ಕೆ ಸಿಕ್ಕಿಸಿದರೆ, ಆಳೆತ್ತರದ ಆಂಪ್ಲಿಫೈಯರುಗಳು ಮಾಡುವ ಸದ್ದನ್ನೆಲ್ಲ ಲೆಕ್ಕ ಹಾಕಿ ನಕಲು ಮಾಡುತ್ತದೆ. ನನಗೆ ಬೇಕಾಗಿದ್ದು ಹೈ ಗೇನ್ ಸದ್ದು. ಅಂದರೆ ತಂತಿ ಮುಟ್ಟಿದರೆ ಗುಡುಗಬೇಕು, ಅಂಗೈ ಒತ್ತಿದರೆ ಸತ್ತಂತೆ ನಿಲ್ಲಬೇಕು. ಅಬ್ಬರಕ್ಕೆ ಗೇನ್, ತಳದ ಸದ್ದಿಗೆ ಬೇಸ್, ನಡುವಿನದಕ್ಕೆ ಮಿಡ್, ಮೇಲಿನದಕ್ಕೆ ಟ್ರೆಬಲ್, ಪ್ರತಿ ತಿರುಗಣೆಯ ಅಂಕಿಯನ್ನೂ ದಿನಾಂಕ ಸಮೇತ ಡೈರಿಯಲ್ಲಿ ಬರೆದು, ಒಂದೊಂದು ಜೋಡಣೆಗೂ ಒಂದನೆಯ ಟೋನ್, ಎರಡನೆಯ ಟೋನ್ ಎಂದು ಹೆಸರಿಡತೊಡಗಿದೆ.

ಹಿನಕಲ್‌ನ ನಮ್ಮ ಮನೆಯಲ್ಲಿ ಸದ್ದಿನ ಹುಚ್ಚಿಗೆ ಬಿದ್ದವನು ನಾನೇ ಮೊದಲಿಗನಲ್ಲ. ಅಪ್ಪ ಮೂವತ್ತು ವರ್ಷ ಮದುವೆ, ನಾಮಕರಣಗಳಿಗೆ ಮೈಕ್‌ಸೆಟ್ ಹಾಕಿದವರು. ಹಾರ್ನ್‌ಗಳ ಪಕ್ಕದಲ್ಲೇ ನಿಂತು ನಿಂತು ಬಲಗಿವಿ ಹೋಗಿತ್ತು. ಎಡಗಿವಿಯೂ ಹೆಚ್ಚು ದಿನ ಉಳಿಯುವುದಿಲ್ಲ, ಕಿವಿಗೆ ಹಾಕುವ ಯಂತ್ರದಿಂದಲೂ ಪ್ರಯೋಜನವಿಲ್ಲ ಎಂದು ಡಾಕ್ಟರು ಯುಗಾದಿ ಮುಗಿದ ವಾರ ಹೇಳಿದರು. ಅಂದು ಸಂಜೆ ಅಪ್ಪ ನನ್ನ ಕೋಣೆಗೆ ಬಂದರು.

“ಲೋ, ಇದು ಪೂರ್ತಿ ಮುಚ್ಕೊಳೋದ್ರೊಳಗೆ ನೀನು ಬಾರ್ಸೋದು ಒಂದ್ ಹಾಡು ಕೇಳಿಸ್ಬುಡೋ.”

“ಟೋನ್ ಸರಿಯಾಗ್ಲಿ ಅಪ್ಪ. ಒಂದ್ ವಾರ ಅಷ್ಟೇ.”

ಹನ್ನೆರಡನೆಯ ಟೋನ್ ಹೆಡ್‌ಫೋನಿನಲ್ಲಿ ಅದ್ಭುತವಾಗಿತ್ತು. ಸ್ಪೀಕರಿಗೆ ಹಾಕಿದರೆ ಜೇನ್ನೊಣ ತುಂಬಿದ ಕೊಡ. ಅಪ್ಪ ಎಡಗಿವಿಯನ್ನು ಹತ್ತಿರ ತಂದು ಕೇಳಿದರು.

“ತಲೆ ಐತೆ, ಕಾಲೈತೆ, ಹೊಟ್ಟೆ ಎಲ್ಲೋ? ಮಿಡ್ಡೇ ತೆಗ್ದುಬುಟ್ಟಿದ್ದೀಯ. ಗೇನ್ ಇಳ್ಸು. ಉಪ್ಪು ಸುರಿದ್ರೆ ಸಾರಿಗೆ ರುಚಿ ಬರಲ್ಲ ಕಣೋ.”

ಮೂವತ್ತು ವರ್ಷದ ಅನುಭವ ಹೇಳಿದ್ದನ್ನು ನಾನು ಕೇಳಲಿಲ್ಲ. ಇಂಟರ್‌ನೆಟ್ಟಿನಲ್ಲಿ ಮುಖ ಪರಿಚಯವಿಲ್ಲದವರು ಹೇಳಿದ್ದನ್ನೆಲ್ಲ ಕೇಳಿದೆ. ವಾರಗಳು ತಿಂಗಳಾದವು. ಡೈರಿಯಲ್ಲಿ ಇನ್ನೊಂದು ಲೆಕ್ಕವೂ ಸೇರಿಕೊಂಡಿತು: ಅಮ್ಮ ಅಪ್ಪನನ್ನು ಊಟಕ್ಕೆ ಎಷ್ಟು ಸಲ ಕರೆಯಬೇಕು ಎಂಬುದು. ವೈಶಾಖದಲ್ಲಿ ಎರಡು ಸಲ. ಆಷಾಢದಲ್ಲಿ ಐದು. ಶ್ರಾವಣದಲ್ಲಿ ಅಮ್ಮ ಕರೆಯುವುದನ್ನೇ ಬಿಟ್ಟು ಭುಜ ಮುಟ್ಟತೊಡಗಿದರು. ಅಪ್ಪ ಮತ್ತೆ ಹಾಡಿನ ಮಾತೆತ್ತಲಿಲ್ಲ. ನಾನು ನಲವತ್ತಾರನೆಯ ಟೋನಿನಲ್ಲಿದ್ದೆ.

ನಲವತ್ತೇಳರಲ್ಲಿ, ಬೇರೆ ದಾರಿ ಕಾಣದೆ, ಗೇನನ್ನು ಅರ್ಧಕ್ಕೆ ಇಳಿಸಿದೆ. ಮಿಡ್ ಏರಿಸಿದೆ. ತಳದ ಗದ್ದಲವನ್ನೂ ಮೇಲಿನ ಕಿರುಗುಟ್ಟುವಿಕೆಯನ್ನೂ ಕತ್ತರಿಸಿದೆ. ಹೊಡೆದರೆ ಗೋಡೆಯಂಥ ಸದ್ದು! ಜಗಲಿಗೆ ಓಡಿ ಅಪ್ಪನನ್ನು ಕೂಗಿದೆ. ಅವರು ತಿರುಗಲಿಲ್ಲ. ಬಲಕ್ಕೂ ಎಡಕ್ಕೂ ನಿಂತು ಕೂಗಿದೆ. ಕೊನೆಗೆ ನಾನೂ ಭುಜ ಮುಟ್ಟಿದೆ.

ಅಪ್ಪ ಒಳಗೆ ಬಂದು ಕೂತು, ಸ್ಪೀಕರಿನ ಮೇಲೆ ಅಂಗೈ ಇಟ್ಟರು. ಒಂದು ಸಲ ಹೊಡೆದೆ.

“ಬಂತು ಕಣೋ ಹೊಟ್ಟೆ!” ಎಂದರು, ಬೀದಿಗೆಲ್ಲ ಕೇಳುವಂತೆ. “ಈಗ ಹಾಡು ಬಾರ್ಸು.”

ಆಗ ಹೊಳೆಯಿತು. ಇಷ್ಟು ತಿಂಗಳೂ ಟೋನ್ ಪರೀಕ್ಷಿಸಲು ನಾನು ಹೊಡೆದದ್ದು ಒಂದೇ ಕಾರ್ಡ್, ಮೂರು ಸ್ವರಗಳನ್ನು ಒಟ್ಟಿಗೆ ಮೀಟುವ ಒಂದೇ ಹಿಡಿತ. ಹಾಡು ಕಲಿತೇ ಇರಲಿಲ್ಲ. ಅದೊಂದನ್ನೇ ಒಮ್ಮೆ ಬೇಗ, ಒಮ್ಮೆ ನಿಧಾನವಾಗಿ ನಾಲ್ಕು ನಿಮಿಷ ಹೊಡೆದು, ಹಾಡು ಮುಗಿಸಿದವನಂತೆ ತಲೆ ಬಗ್ಗಿಸಿ ನಿಂತೆ. ಅಷ್ಟು ಹೊತ್ತೂ ಅಪ್ಪ ಕಣ್ಣು ಮುಚ್ಚಿ, ಇನ್ನೊಂದು ಕೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು.

“ಚೆನ್ನಾಗಿತ್ತು. ಪಲ್ಲವಿಗಿಂತ ಚರಣ ಚೆನ್ನಾಗಿತ್ತು ಕಣೋ.”

ಬಾಗಿಲಲ್ಲಿ ನಿಂತಿದ್ದ ಅಮ್ಮ, “ಕಿವಿ ಕೇಳ್ದೆ ಇರೋರ ಮುಂದೆ ಒಂದನ್ನೇ ಕುಟ್ಟಿದ್ಯಲ್ಲೋ, ನಾಚ್ಕೆ ಆಗಲ್ವಾ ನಿಂಗೆ?” ಎಂದರು.

ನಾಚಿಕೆ ಆಯಿತು. ಆದರೂ ಅಂದಿನ ಪುಟದಲ್ಲಿ ‘ಅಪ್ಪನಿಗೆ ಕೇಳಿಸಿದ ಹಾಡು: ಒಂದು’ ಎಂದು ಬರೆದುಕೊಂಡಿದ್ದೇನೆ. ನಲವತ್ತೇಳು ಟೋನುಗಳೂ ನಿಜ. ಡೈರಿಯಲ್ಲಿ ಸುಳ್ಳು ಲೆಕ್ಕ ಅದೊಂದೇ.